ಸಕ್ಕರೆ ಹಾಕದ ಜ್ಯೂಸು

ಟೇಪು ಮಾವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ, ಅದನ್ನು ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಂಗಿಯರನ್ನೆಲ್ಲ ಒಂದು ದಡ ಸೇರಿಸುವಷ್ಟರಲ್ಲಿ ಅವನ ಮದುವೆಯ ವಯಸ್ಸು ದಾಟಿಹೋಗಿತ್ತು. ಮುಂದೆ ಹೊಲಿಗೆ ಅಂಗಡಿ, ಹಿಂದೆ ಒಂದು ಕೋಣೆ, ಇಷ್ಟೇ ಅವನ ಸಂಸಾರ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಹೆಸರಿಗೆ ಊರಿಗೆಲ್ಲ ಮಾವ. ಸಂಜೆಯಾದರೆ ಮಾತಾಡಿಸುವವರು ಯಾರೂ ಇಲ್ಲ.

ಒಬ್ಬಳನ್ನು ಬಿಟ್ಟು. ಎದುರುಗಡೆ ಹಣ್ಣಿನ ಜ್ಯೂಸ್ ಅಂಗಡಿ ಇಟ್ಟಿದ್ದ ಜ್ಯೂಸಕ್ಕ. ಅವಳು ಇವನನ್ನು ಅಣ್ಣಾ ಎನ್ನುತ್ತಿದ್ದಳು, ಇವನು ಅವಳನ್ನು ಅಕ್ಕಾ ಎನ್ನುತ್ತಿದ್ದ. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಮಾವ ಕಾಯಿಲೆಯ ಸುದ್ದಿ ಹೇಳಿಕೊಂಡದ್ದು ಅವಳ ಹತ್ತಿರ.

"ಅಯ್ಯೋ ಅಣ್ಣಾ, ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀರಿ? ಇವತ್ತಿಂದ ನಿಮ್ಮ ಲೋಟಕ್ಕೆ ಒಂದು ಕಾಳು ಸಕ್ಕರೆನೂ ಹಾಕಲ್ಲ. ಬರೀ ಹಣ್ಣು. ಹಣ್ಣು ತಿಂದು ಕೆಟ್ಟವರು ಯಾರಿದ್ದಾರೆ?"

ಹೇಳಿದ ಮಾತಿಗೆ ತಪ್ಪುವ ಹೆಂಗಸಲ್ಲ. ಸಕ್ಕರೆ ಡಬ್ಬಿಯನ್ನು ದೂರ ಇಟ್ಟಳು. ಆದರೆ ಸಪ್ಪೆಯಾದರೆ ಪಾಪ ಅಣ್ಣ ಹೇಗೆ ಕುಡಿದಾನು ಎಂದು, ಸಕ್ಕರೆಯ ಬದಲಿಗೆ ಇನ್ನೆರಡು ಕಿತ್ತಳೆ ಹೆಚ್ಚಿಗೆ ಹಿಂಡಿದಳು. ಅವನ ಕಟ್ಟಿಸಿದ ಹಲ್ಲಿಗೆ ನಾರು ಸಿಕ್ಕಿಕೊಳ್ಳುತ್ತದೆಂದು ಎರಡು ಸಲ ಸೋಸಿದಳು. ಒಡಹುಟ್ಟಿದವರೂ ಅಷ್ಟು ಮುತುವರ್ಜಿ ತೋರಿಸುವುದಿಲ್ಲ ಬಿಡಿ.

ಮಾವ ಅವಳ ಅಂಗಡಿಯ ಬೆಂಚಿನ ಮೇಲೆ ಕೂತು ಕುಡಿಯುತ್ತಿದ್ದ. "ಊಟ ಆಯ್ತಾ? ಏನು ಮಾಡ್ಕೊಂಡಿದ್ರಿ?" ಎಂದು ಅವಳು ಕೇಳುತ್ತಿದ್ದಳು. ಲೋಟ ಖಾಲಿಯಾದರೆ ಏಳಬೇಕಲ್ಲ ಎಂದು ಮಾವ ಗುಟುಕು ಗುಟುಕಾಗಿ ಹೀರುತ್ತಿದ್ದ. ಕೋಣೆಗೆ ಹೋಗಲು ಮನಸ್ಸೇ ಬಾರದ ದಿನ ಇನ್ನೊಂದು ಲೋಟ ಹೇಳುತ್ತಿದ್ದ. ಜ್ಯೂಸೇ ಔಷಧಿ ಎಂದುಕೊಂಡು ಡಾಕ್ಟರು ಬರೆದುಕೊಟ್ಟಿದ್ದ ಸಂಜೆಯ ಮಾತ್ರೆಗೂ ರಜೆ ಕೊಟ್ಟಿದ್ದ.

ಹೀಗೇ ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ತನ್ನ ಯೂನಿಫಾರ್ಮನ್ನು ಸೊಂಟದ ಹತ್ತಿರ ಸಡಿಲ ಮಾಡಿಸಲು ಬಂದಳು. ಮಾವ ಬರಿಗಾಲಲ್ಲಿ ಮೆಷಿನ್ ತುಳಿಯುತ್ತ ಕೂತಿದ್ದ.

"ಮಾವಾ, ಕಾಲು ನಿಲ್ಸಿ! ಹಿಮ್ಮಡಿಗೆ ಗುಂಡುಸೂಜಿ ಚುಚ್ಚಿದೆ!"

"ಎಲ್ಲಿ?" ಮಾವ ಕಾಲೆತ್ತಿ ನೋಡಿದ. ಸೂಜಿಯ ತಲೆಯಷ್ಟೇ ಕಾಣುತ್ತಿತ್ತು. ಸುತ್ತ ಕೆಂಪಗೆ ಊದಿತ್ತು. "ಓಹೋ, ಯಾವಾಗ ಹೊಕ್ಕಿತೋ ಮಾರಾಯ್ತಿ! ಬಿಡಮ್ಮಾ, ಸೂಜಿಗೂ ನಂಗೂ ಹಳೇ ನೆಂಟಸ್ತನ."

ನರ್ಸಮ್ಮ ನಗಲಿಲ್ಲ. "ನೋವಾಗ್ತಿಲ್ವಾ?"

"ಇಲ್ಲಮ್ಮಾ," ಎಂದ ಮಾವ. ಹಾಗೆಂದ ಮೇಲೆ ಅವನಿಗೂ ನಗು ಬರಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಸೂಜಿ ತೆಗೆದು, ಗಾಯಕ್ಕೆ ಪಟ್ಟಿ ಕಟ್ಟಿ, ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ಆಕಾಶಕ್ಕೇರಿತ್ತು. "ಸಕ್ಕರೆ ಏರಿ ಕಾಲಿನ ನರಗಳಿಗೆ ಪೆಟ್ಟು ಬಿದ್ದಿದೆ, ಅದಕ್ಕೇ ನೋವು ಗೊತ್ತಾಗಿಲ್ಲ. ಹೀಗೇ ಬಿಟ್ಟರೆ ಮುಂದೆ ಕಾಲಿಗೇ ಸಂಚಕಾರ," ಎಂದರು ಡಾಕ್ಟರು. ಕಾಲು ಹೋದರೆ ಮೆಷಿನ್ ತುಳಿಯುವವರು ಯಾರು? ಬಿದ್ದರೆ ಎತ್ತುವವರು ಯಾರು? ಮಾವ ಪಟ್ಟಿ ಕಟ್ಟಿದ ಹಿಮ್ಮಡಿಯನ್ನು ಮುಟ್ಟಿ ನೋಡಿಕೊಂಡ.

"ದಿನಾ ಏನೇನು ತಿಂತೀರಿ, ಕುಡೀತೀರಿ? ಮುಚ್ಚಿಡ್ಬೇಡಿ," ಎಂದಳು ನರ್ಸಮ್ಮ.

"ಮುಚ್ಚಿಡೋಕೆ ಏನಿದೆಯಮ್ಮಾ? ಸಂಜೆ ಕಿತ್ತಳೆ ಜ್ಯೂಸ್ ಕುಡೀತೀನಿ. ಸಕ್ಕರೆ ಹಾಕದ್ದು."

"ಒಂದು ಲೋಟಕ್ಕೆ ಎಷ್ಟು ಹಣ್ಣು?"

"ಆರು ಇರಬಹುದು."

"ಆರು ಹಣ್ಣು ಸುಲಿದು ಒಂದೇ ಸಲಕ್ಕೆ ತಿಂತೀರಾ?"

"ಅಯ್ಯಪ್ಪಾ! ಎರಡನೇದಕ್ಕೇ ಸಾಕಾಗಿಹೋಗುತ್ತೆ."

"ನೋಡಿದ್ರಾ? ಲೋಟದಲ್ಲಾದ್ರೆ ಆರೂ ಸಲೀಸಾಗಿ ಇಳಿದುಹೋಗುತ್ತೆ. ಮೇಲಾಗಿ ನಾರು ಸೋಸಿ ಎಸೆದಿರ್ತಾರೆ. ನಾರು ಇದ್ರೆ ಹಣ್ಣಿನ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತೆ. ಇಲ್ಲದಿದ್ರೆ ಓಡೋಡಿ ಹೋಗಿ ಸೇರುತ್ತೆ."

ಮಾವ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಆದ್ರೂ ಅದು ಅಂಗಡಿ ಸಕ್ಕರೆ ಅಲ್ಲವಲ್ಲಮ್ಮಾ. ದೇವರೇ ಹಾಕಿದ್ದು."

"ಯಾರು ಹಾಕಿದ್ದು ಅಂತ ರಕ್ತ ಕೇಳುತ್ತಾ ಮಾವಾ?"

"ಹಾಗಾದ್ರೆ ಈ ಕಾಯಿಲೆಗೆ ಜ್ಯೂಸಿಂದ ಏನೂ ಉಪಯೋಗ ಇಲ್ಲ ಅನ್ನು," ಎಂದ ಮಾವ.

"ಒಂದೇ ಒಂದು ಸಂದರ್ಭದಲ್ಲಿ ಇದೆ. ಮಾತ್ರೆ ತಗೊಂಡು ಊಟ ತಪ್ಪಿಸಿದಾಗ ಒಮ್ಮೊಮ್ಮೆ ಸಕ್ಕರೆ ತೀರಾ ಇಳಿದುಬಿಡುತ್ತೆ. ಕೈ ನಡುಗುತ್ತೆ, ಬೆವರು ಬರುತ್ತೆ, ತಲೆ ಸುತ್ತುತ್ತೆ. ಆಗ ಅರ್ಧ ಲೋಟ ಜ್ಯೂಸ್ ಕುಡಿದು ಕೂತ್ಕೋಬೇಕು. ಕಾಲು ಗಂಟೆ ನೋಡಿ, ಸರಿಹೋಗದಿದ್ರೆ ಇನ್ನರ್ಧ ಲೋಟ. ಆಮೇಲೆ ಊಟ ಮಾಡ್ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಜ್ಯೂಸ್ ಆಪತ್ಕಾಲದ ನೆಂಟ ಮಾವಾ. ದಿನಾ ಮನೆಗೆ ಕರೀಬಾರದು."

ಮಾತು ಮಾವನ ತಲೆಗೆ ಹೋಯಿತು. ಎರಡೂ ಹೊತ್ತು ಮಾತ್ರೆ ಶುರುಮಾಡಿದ, ಚಪ್ಪಲಿ ಹಾಕಿಕೊಂಡೇ ಮೆಷಿನ್ ತುಳಿದ, ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಂಡ. ಜ್ಯೂಸನ್ನೂ ಬಿಟ್ಟ. ಅಂದಮೇಲೆ ಜ್ಯೂಸಕ್ಕನ ಅಂಗಡಿಗೆ ಹೋಗುವುದನ್ನೂ ಬಿಟ್ಟ. ಏನೂ ಕೊಳ್ಳದೆ ವ್ಯಾಪಾರದ ಹೊತ್ತಿನಲ್ಲಿ ಇನ್ನೊಬ್ಬರ ಬೆಂಚಿನ ಮೇಲೆ ಬಿಟ್ಟಿ ಕೂರುವುದು ಹೇಗೆ? ಮರ್ಯಾದೆ ಬೇಡವೇ?

ಸಂಜೆಗಳು ಬೆಟ್ಟದಷ್ಟಾದವು. ಅರ್ಧ ಶಟರ್ ಎಳೆದುಕೊಂಡು ಮಾವ ಒಳಗೇ ಕೂರುತ್ತಿದ್ದ. ಎದುರಿನ ಮಿಕ್ಸರ್ ಗುರ್ರೆನ್ನುವುದು, ಯಾರೋ ನಗುವುದು, ಜ್ಯೂಸಕ್ಕ ಯಾರನ್ನೋ ಗದರುವುದು ಎಲ್ಲ ಕೇಳುತ್ತಿತ್ತು. ಒಂದು ಸಂಜೆ ಫೋನ್ ಬಂತು. ಆಸೆಯಿಂದ ಎತ್ತಿ ಹಲೋ ಎಂದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಬೆಳಿಗ್ಗೆಯಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ಅದೂ ಯಾರಿಗೋ ಮಾಡಲು ಹೋಗಿ ಇವನಿಗೆ ಬಂದ ಫೋನು. ಆ ಸಂಜೆ ಮಾವನಿಗೆ, ಸುಡುಗಾಡು ಕಾಲು ಹೋದರೆ ಹೋಗಲಿ, ಒಂದು ಲೋಟ ಕುಡಿದು ಬಂದುಬಿಡೋಣ ಎನಿಸಿತ್ತು.

ಅವನು ಹೋಗಲಿಲ್ಲ. ಮಾರನೆಯ ಸಂಜೆ ಅವಳೇ ಬಂದಳು. ಶಟರಿನ ಕೆಳಗೆ ಬಗ್ಗಿ ಒಳಗೆ ಬಂದವಳ ಕೈಯಲ್ಲಿ ತುಂಬಿದ ಲೋಟ, ಅದರ ಮೇಲೆ ತಟ್ಟೆ.

"ಏನಣ್ಣಾ ಮುನಿಸು? ನನ್ನಿಂದ ಏನು ತಪ್ಪಾಯ್ತು ಅಂತಾದ್ರೂ ಹೇಳಿ. ತಗೊಳ್ಳಿ, ಸಕ್ಕರೆ ಹಾಕಿಲ್ಲ, ನಿಮಗೇ ಅಂತ ಮಾಡಿದ್ದು."

ಮಾವ ಲೋಟ ಕೈಗೆ ತೆಗೆದುಕೊಂಡ. ಬೇಡವೆಂದರೆ ಇರುವ ಒಬ್ಬಳೂ ಮುನಿಸಿಕೊಂಡು ಹೋದಾಳು ಎಂಬ ಭಯ. ತುಟಿಯ ತನಕ ತಂದು ಕೆಳಗಿಟ್ಟ.

"ಇದನ್ನ ನಾನು ಕುಡಿಯೋ ಹಾಗಿಲ್ಲ ಅಕ್ಕಾ." ಸೂಜಿಯಿಂದ ಹಿಡಿದು ಆರು ಕಿತ್ತಳೆಯ ತನಕ ಎಲ್ಲ ಹೇಳಿದ.

ಜ್ಯೂಸಕ್ಕನ ಮುಖ ಬಿಳಿಚಿಕೊಂಡಿತು. "ಅಯ್ಯೋ ನನ್ನ ಕೈ ಸೇದಿಹೋಗ! ಅಣ್ಣನಿಗೆ ಒಳ್ಳೇದಾಗ್ಲಿ ಅಂತ ನಾನೇ ಹಣ್ಣು ಜಾಸ್ತಿ ಹಾಕಿದ್ನಲ್ಲಾ!"

"ನಿಮ್ದೇನು ತಪ್ಪು? ಇನ್ನೊಂದು ಲೋಟ ಕೊಡಿ ಅಂತ ಕೇಳಿದ್ದು ನಾನು. ನಿಜ ಹೇಳ್ಲಾ ಅಕ್ಕಾ? ನಾನು ಜ್ಯೂಸಿಗೆ ಬರ್ತಿರಲಿಲ್ಲ. ಕೋಣೆಯಲ್ಲಿ ಒಬ್ಬನೇ ಇರೋಕೆ ಆಗ್ತಿರಲಿಲ್ಲ. ಅದಕ್ಕೆ ಬರ್ತಿದ್ದೆ."

ಅವಳಿಗೆ ಕಣ್ಣು ತುಂಬಿ ಬಂತು, ಜೊತೆಗೆ ಸಿಟ್ಟೂ ಬಂತು.

"ಅಷ್ಟಕ್ಕೆ ಇಷ್ಟೊಂದು ಜ್ಯೂಸ್ ಕುಡಿದ್ರಾ? ಬಾಯಿ ಬಿಟ್ಟು ಹೇಳಬಾರದಿತ್ತಾ? ಅಂಗಡಿ ಮುಚ್ಚಿ ಮನೆಗೆ ಹೋದ್ರೆ ನಂಗೆ ಮಾತ್ರ ಯಾರು ಕಾದಿರ್ತಾರೆ? ನಾನೂ ಗೋಡೆ ಜೊತೆಗೇ ಮಾತಾಡೋದು."

ಈಗ ಮಾವ ಸಂಜೆ ಎದುರಿನ ಬೆಂಚಿನ ಮೇಲೆ ಬರಿಗೈಯಲ್ಲಿ ಕೂರುತ್ತಾನೆ. ಡಾಕ್ಟರು ಹೇಳಿದಷ್ಟು ಹಣ್ಣನ್ನು, ಹಲ್ಲಿಗೆ ಸಿಕ್ಕಿದರೂ ಸರಿ, ಅಗಿದೇ ತಿನ್ನುತ್ತಾನೆ. ಹಿಮ್ಮಡಿಯ ಗಾಯ ಮಾಯಿದೆ. ಕಾಲಿನ ಜೋಮು ಹೋಗಿಲ್ಲ, ಹೋಗುತ್ತದೆಂದು ಡಾಕ್ಟರೂ ಭರವಸೆ ಕೊಟ್ಟಿಲ್ಲ. ರಾತ್ರಿ ಅವನು ಮರಳುವುದು ಅದೇ ಒಂಟಿ ಕೋಣೆಗೆ.

ಈ ಕಥೆ ಕೇಳಿದ ಅಣ್ಣಂದಿರೇ, ಅಕ್ಕಂದಿರೇ, ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಹಾಕದ ಜ್ಯೂಸನ್ನೂ ಔಷಧಿ ಎಂದು ನಂಬಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಹಣ್ಣನ್ನು ಹಿಂಡದೆ, ಅಳತೆಯಲ್ಲಿ ತಿನ್ನಿ. ದಿನಾ ಪಾದ ನೋಡಿಕೊಳ್ಳಿ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವವರು ಯಾರಾದರೂ ಇದ್ದಾರೆಯೇ? ಇವತ್ತೇ ಹೋಗಿ. ಕುಡಿಯಲು ಏನು ಕೊಡಲಿ ಎಂದು ಯೋಚಿಸುತ್ತ ನಿಲ್ಲಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ.