ಬಿಸಿ ಬಾನೆಟ್

ಬಿಸಿ ಇದೆ, ಕೈಯ ಹಿಂಬದಿಗೆ ಸ್ಪಷ್ಟವಾಗಿ ತಾಗುತ್ತಿದೆ, ಸುಡುವಷ್ಟಲ್ಲ, ಈಗಷ್ಟೇ ಇಸ್ತ್ರಿ ಮುಗಿಸಿ ಮಡಚಿಟ್ಟ ದಿಂಬಿನ ಚೀಲದಷ್ಟು, ಬಿಸಿಲು ಬಿದ್ದಿರಬಹುದು ಅಂದುಕೊಳ್ಳೋಣವೆಂದರೆ ಈ ಶೆಡ್ಡಿನೊಳಗೆ ಬಿಸಿಲು ಎಲ್ಲಿಂದ ಬರಬೇಕು, ಮೂರು ಕಡೆ ಗೋಡೆ, ಮೇಲೆ ತಗಡು, ಹೊರಗೆ ಮಂಜು ಇನ್ನೂ ಪೂರ್ತಿ ಕರಗಿಲ್ಲ, ನಾನೇ ಸ್ವೆಟರ್ ಬಿಚ್ಚಿಲ್ಲ — ತಮ್ಮ ಆ ಕಡೆಯ ಬಾಗಿಲು ತೆರೆದು ಹಿಡಿದುಕೊಂಡು ಹೇಳುತ್ತಲೇ ಇದ್ದಾನೆ, ನೋಡಕ್ಕಾ, ಮೀಟರ್ ನೋಡು, ಮೂರು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್, ಬೇರೆಯವ್ರಾಗಿದ್ರೆ ಹಿಂದಕ್ಕೆ ತಿರುಗಿಸಿ ಒಂದು ಲಕ್ಷ ತೋರಿಸ್ತಿದ್ರು, ನಿಂಗೆ ಹಾಗೆ ಮಾಡ್ತೀನಾ — ಇಲ್ಲಪ್ಪ, ಮೀಟರ್ ನೀನು ಮುಟ್ಟಿಲ್ಲ, ಒಪ್ಪಿದೆ, ಮೈ ಸವೆದ ಗಾಡಿ ಅಂತ ಗೊತ್ತಿದ್ದೇ ಕೊಳ್ಳಲು ಬಂದಿದ್ದೇನೆ, ಸೀಟು ಹರಿದು ಸ್ಪಂಜು ಹೊರಗೆ ಬಂದಿದೆ, ಸಾಮಾನು ತುಂಬುವ ಕಡೆ ತಳವೆಲ್ಲ ತುಕ್ಕು, ಒಂದು ಟಯರ್ ನನ್ನ ಹಿಮ್ಮಡಿಗಿಂತ ನುಣ್ಣಗಿದೆ, ಕಂಡದ್ದಕ್ಕೆ ನನ್ನ ತಕರಾರಿಲ್ಲ, ಈ ಬಿಸಿಯೊಂದಕ್ಕೆ ಏನು ಹೇಳುತ್ತೀಯೋ ಹೇಳು. ಅಪ್ಪ ಹಳೆಯ ಗಾಡಿ ನೋಡಲು ಹೋದಾಗಲೆಲ್ಲ ಇವನ ಕೈ ಹಿಡಿದುಕೊಂಡೇ ಹೋಗುತ್ತಿದ್ದರು, ಗಂಡುಹುಡುಗ ಕಲೀಲಿ ಅಂತ, ನಾನು ಅವರ ಬುತ್ತಿಚೀಲ ಹಿಡಿದು ಗೇಟಿನ ಹತ್ತಿರ ನಿಲ್ಲುವವಳು, ಮೊದ್ಲು ಬಾನೆಟ್ ಮುಟ್ಟಿ ನೋಡು ಮಗನೇ, ಬಿಸಿ ಇದ್ರೆ ನಾವು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿಟ್ಟಿದಾರೆ ಅಂತ ಅರ್ಥ, ಹಳೇ ಡೀಸೆಲ್ ಇಂಜಿನ್ನಿನ ಕಾಯಿಲೆ ಗೊತ್ತಾಗೋದು ಅದು ತಣ್ಣಗಿದ್ದಾಗ, ಬಿಸಿ ಆದ್ಮೇಲೆ ಎಂಥ ಡಕೋಟಾನೂ ಒಂದೇ ಏಟಿಗೆ ಎದ್ದು ಕೂರುತ್ತೆ — ಇವನು ಆಗ ಮೂಗು ಕೆರೆಯುತ್ತಾ ಆಕಾಶ ನೋಡುತ್ತಿದ್ದ, ಕೇಳಿಸಿಕೊಂಡವಳು ನಾನೊಬ್ಬಳೇ ಅಂದುಕೊಂಡಿದ್ದೆ ಇಷ್ಟು ವರ್ಷ, ಇವನ ತಲೆಗೂ ಹತ್ತಿದೆ, ತಲೆಕೆಳಗಾಗಿ ಹತ್ತಿದೆ, ಅಷ್ಟೇ. ಅಕ್ಕ ಗೇಟಿನ ಹತ್ತಿರ ಇದ್ದಳು, ಅವಳಿಗೇನು ಗೊತ್ತು ಅಂತ ಇವನ ಲೆಕ್ಕ.

ನೋಡೀಗ, ಅನ್ನುತ್ತಾ ಕೀ ತಿರುಗಿಸುತ್ತಾನೆ, ಒಂದೇ ಏಟಿಗೆ ಎದ್ದಿತು, ಎದ್ದೇ ಏಳುತ್ತದೆ, ಹೇಗಿದೆ, ಕುದುರೆ ಕಣಕ್ಕಾ ಇದು ಕುದುರೆ, ನಾನು ಹೂಂ ಅಂದೆ, ಹೂಂ ಅನ್ನದೆ ಇನ್ನೇನು ಅನ್ನಲಿ, ಮೆಕ್ಯಾನಿಕ್ಕನ್ನ ಕರ್ಕೊಂಡು ಬರ್ತೀನೋ ಅಂತ ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಎಷ್ಟು ನೊಂದುಕೊಂಡ, ಅಕ್ಕ-ತಮ್ಮನ ಮಧ್ಯೆ ಮೆಕ್ಯಾನಿಕ್ ಯಾಕೆ, ಊರೋರು ನಗ್ತಾರೆ, ನನಗೆ ನಾಚಿಕೆಯಾಗಿ ಒಬ್ಬಳೇ ಬಂದೆ, ನನ್ನ ದಡ್ಡತನಕ್ಕೆ ಯಾವ ಇಸ್ತ್ರಿ ತಿಕ್ಕಿದರೂ ಸಾಲದು. ಇವನಿಗೆ ಎಲ್ಲ ಹೇಳಿದ್ದೇನೆ, ಅದೇ ಹೊಟ್ಟೆ ಉರಿಯುವುದು, ಹನ್ನೊಂದು ವರ್ಷ ಇನ್ನೊಬ್ಬರ ಲಾಂಡ್ರಿಯಲ್ಲಿ ಬೆಂದು ಈಗ ನನ್ನದೇ ಒಂದು ಶುರು ಮಾಡುತ್ತಿದ್ದೇನೆ, ಆಸ್ಪತ್ರೆಯ ಬಟ್ಟೆ ಸೋಮವಾರದಿಂದ ನನಗೆ, ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಐದೂವರೆಗೆ ಒಗೆದದ್ದು ಇಳಿಸಿ ಕೊಳಕು ತುಂಬಿಕೊಂಡು ಬರಬೇಕು, ಅಲ್ಲಿ ಸ್ಟೋರ್ ನೋಡಿಕೊಳ್ಳುವ ಹೆಂಗಸು ಮುಖ ನೋಡದೆಯೇ ಹೇಳಿದ್ದಾಳೆ, ಒಂದಿನ ತಡವಾದ್ರೆ ಫೋನ್ ಮಾಡ್ತೀನಿ, ಎರಡನೇ ದಿನ ಮಾಡೋದು ಬೇರೆಯವ್ರಿಗೆ, ರೋಗಿಗಳನ್ನ ಬರೀ ಹಾಸಿಗೆ ಮೇಲೆ ಮಲಗಿಸೋಕಾಗಲ್ಲ — ಐದು ಗಂಟೆ ಕಣೋ, ಚಳಿಯಲ್ಲಿ ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ನನ್ನು ನಾನು ಒಬ್ಬಳೇ ಎಬ್ಬಿಸಬೇಕಾದ ಐದು ಗಂಟೆ, ಅಷ್ಟು ಗೊತ್ತಿದ್ದೂ ನೀನು ಮುಚ್ಚಿಟ್ಟದ್ದು ಸರಿಯಾಗಿ ಅದನ್ನೇ. ಹೊಗೆ ನೋಡೋಣವೆಂದು ಹಿಂದೆ ಹೋದೆ, ಹೆಚ್ಚಿಲ್ಲ, ಈಗ ಹೆಚ್ಚಿಲ್ಲ, ಗಾಡಿಯ ಮೂತಿ ಒಳಗೆ, ಹಿಂಭಾಗ ಅಂಗಳಕ್ಕೆ, ಅಲ್ಲಿಂದ ಎರಡು ಮಾರು ದೂರದಲ್ಲಿ ಬಟ್ಟೆ ತಂತಿ, ತಂತಿಯ ಮೇಲೆ ಬಿಳಿ ಬೆಡ್‌ಶೀಟ್, ಅದರ ಕೆಳ ಅಂಚಿನಲ್ಲಿ ಮಸಿ, ಹೊಗೆಕೊಳವೆಯ ಎತ್ತರಕ್ಕೇ, ಮೊರದಷ್ಟಗಲ ಕಪ್ಪು ಚುಕ್ಕಿ ಚುಕ್ಕಿ, ಬೇರೆ ಯಾರಾದರೂ ಆಗಿದ್ದರೆ ಕಾಣುತ್ತಿರಲಿಲ್ಲವೇನೋ, ನನಗೆ ಬಟ್ಟೆಯ ಕಲೆ ಬಿಟ್ಟರೆ ಬೇರೇನು ಕಾಣುತ್ತದೆ, ಮುಟ್ಟಿದೆ, ಒದ್ದೆ, ಇವತ್ತು ಬೆಳಿಗ್ಗೆ ಹಾಕಿದ್ದು, ಒದ್ದೆ ಬಟ್ಟೆಗೆ ಹತ್ತಿದ ಡೀಸೆಲ್ ಮಸಿ ಏಳು ಸಲ ಒಗೆದರೂ ಹೋಗುವುದಿಲ್ಲ, ಇಷ್ಟು ಕಾರಬೇಕಾದರೆ ಎಷ್ಟು ಹೊತ್ತು ಕೆಮ್ಮಿರಬೇಕು ಇದು, ಎಷ್ಟು ಸಲ ಕೀ ತಿರುಗಿಸಿ ತಿರುಗಿಸಿ ಬೈದಿರಬೇಕು ಇವನು, ಏಳೇ, ಏಳೇ ದರಿದ್ರದ್ದೇ, ಅಕ್ಕ ಹತ್ತಕ್ಕೆ ಬರ್ತಾಳೆ.

ಒಂದು ಅವಕಾಶ ಕೊಡೋಣ, ಚಿಕ್ಕವನು, ನಾನೇ ಎತ್ತಿ ಆಡಿಸಿದವನು, ಹೌದಕ್ಕಾ ಬೆಳಿಗ್ಗೆ ಸ್ವಲ್ಪ ತೊಂದರೆ ಕೊಡುತ್ತೆ, ರಿಪೇರಿ ಮಾಡಿಸ್ಕೊ ಅಂದುಬಿಟ್ಟರೆ ಸಾಕು, ಇದೇ ಗಾಡಿಯನ್ನು ಹೇಳಿದ ಬೆಲೆಗೇ ತೆಗೆದುಕೊಂಡು ಹೋಗುತ್ತೇನೆ, ಮತ್ತೆ ಆ ಮಾತು ಎತ್ತುವುದೂ ಇಲ್ಲ — ಬೆಳಿಗ್ಗೆ ಏನಾದ್ರೂ ಸ್ಟಾರ್ಟ್ ಮಾಡಿದ್ಯೇನೋ, ಸುಮ್ಮನೆ ಕೇಳಿದ ಹಾಗೆ ಕೇಳಿದೆ, ಟಯರ್ ಒದೆಯುತ್ತಾ, ಇಲ್ಲಕ್ಕಾ, ನಿನ್ನೆ ಸಂಜೆ ನಿಲ್ಸಿದ್ದು, ಆಮೇಲೆ ಮುಟ್ಟಿಲ್ಲ, ನಿನ್ನಾಣೆ. ನನ್ನಾಣೆ. ಹೆಂಡತಿ ಮೇಲಲ್ಲ, ತನ್ನ ಮೇಲಲ್ಲ, ನನ್ನ ಮೇಲೆ, ಎಷ್ಟು ಸಲೀಸಾಗಿ ಬಂತು ಬಾಯಿಗೆ, ಸುಳ್ಳಾದರೆ ಸಾಯಬೇಕಾದವಳು ನಾನು, ಚಿಕ್ಕಂದಿನಲ್ಲಿ ಸುಳ್ಳು ಹೇಳುವಾಗ ರೆಪ್ಪೆ ಪಟಪಟ ಬಡಿಯುತ್ತಿದ್ದ, ಈಗ ಅದೂ ಇಲ್ಲ, ಅಳು ಬರುತ್ತಿದೆ, ದುಃಖಕ್ಕಲ್ಲ, ಸಿಟ್ಟಿಗೆ, ಸರಿ, ಇಂಜಿನ್ ಆಫ್ ಮಾಡು, ಕಾಫಿಗೆ ಹೇಳು, ಎರಡು ಮೂರು ಲೋಟ ಆದ್ರೂ ಪರವಾಗಿಲ್ಲ, ಇದು ತಣ್ಣಗಾಗೋವರೆಗೂ ನಾನು ಇಲ್ಲೇ ಕೂತಿರ್ತೀನಿ, ರಾತ್ರಿಯಾದ್ರೂ ಸರಿ, ಆಮೇಲೆ ನಾನೇ ಸ್ಟಾರ್ಟ್ ಮಾಡಿ ನೋಡ್ತೀನಿ — ಏನಕ್ಕಾ, ನಂಬಿಕೆ ಇಲ್ವಾ ಅನ್ನುತ್ತಾನೆ, ನಗುತ್ತಲೇ ಅನ್ನುತ್ತಾನೆ, ನಗು ಅರ್ಧಕ್ಕೇ ನಿಂತು ಅವನ ಕಣ್ಣು ನನ್ನ ಕೈ ಕಡೆಗೆ ಹೋಯಿತು, ಬಾನೆಟ್ಟಿನ ಮೇಲೆ ಮತ್ತೆ ಇಟ್ಟಿದ್ದ ಕೈ ಕಡೆಗೆ, ಗೊತ್ತಾಯಿತು ಅವನಿಗೆ, ಮೆಟ್ಟಿಲ ಮೇಲೆ ಕೂತೆ, ಅವನು ನಿಂತೇ ಇದ್ದಾನೆ, ಅವನ ಹೆಂಡತಿ ಒಳಗಿನಿಂದ ಬಂದಳು, ಲೋಟ ತರಲಿಲ್ಲ, ಬರೀ ಕೈ, ಬಂದ್ರಾ ಅತ್ತಿಗೆ ಅಂದಳು, ನೆಲ ನೋಡಿಕೊಂಡೇ ಅಂಗಳಕ್ಕೆ ಇಳಿದಳು, ಪಾಪ ಇವಳಿಗೇನೂ ಗೊತ್ತಿರಲಿಕ್ಕಿಲ್ಲ, ಲಾಂಡ್ರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಎರಡು ವರ್ಷ ನಿಂತವಳು, ಒಳ್ಳೆಯ ಹುಡುಗಿ ಅಂತ ನಾನೇ ಈ ಮನೆಗೆ ತಂದವಳು — ಬೆಡ್‌ಶೀಟ್ ತೆಗೆಯುತ್ತಿದ್ದಾಳೆ, ಒದ್ದೆ ಇದೆ, ನೀರು ಇನ್ನೂ ತೊಟ್ಟಿಕ್ಕುತ್ತಿದೆ, ಒಣಗದ ಬಟ್ಟೆಯನ್ನು ಯಾರಾದರೂ ತೆಗೆಯುತ್ತಾರೆಯೇ, ಮಡಚುತ್ತಿದ್ದಾಳೆ, ಮೊದಲು ಕೆಳ ಅಂಚು ಒಳಕ್ಕೆ, ಹೋಗದ ಕಲೆ ಇದ್ರೆ ಒಳಮಡಿಕೆಗೆ ಹಾಕಮ್ಮಾ, ತಗೊಳ್ಳೋರಿಗೆ ಬಿಳಿ ಕಂಡ್ರೆ ಸಾಕು, ಅದನ್ನು ಅವಳಿಗೆ ಹೇಳಿಕೊಟ್ಟವಳು ನಾನು, ಮೂಲೆಗೆ ಮೂಲೆ ಸೇರಿಸಿ, ಅಂಗೈಯಲ್ಲಿ ಒತ್ತಿ, ಮಸಿ ಒಳಗೆ, ಬಿಳಿ ಹೊರಗೆ, ಇನ್ನೊಂದು ಮಡಿಕೆ, ನನ್ನ ಕಡೆ ನೋಡುತ್ತಿಲ್ಲ, ಬಿಳಿ ಹೊರಗೆ, ಬಿಳಿ ಹೊರಗೆ