ಐರಾಣಿಯ ಮಣ್ಣು

ಸುರಪುರದ ಆ ಓಣಿಯಲ್ಲಿ ಸುಮಲತಾಳ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲ ಮೇಲೆ ‘ಸುಮಾ ಟೆರಾಕೋಟಾ ಸ್ಟುಡಿಯೊ’ ಎಂಬ ಫಲಕ, ಅದರ ಕೆಳಗೆ ಬಿಸಿಲಿಗಿಟ್ಟ ಕುಂಡಗಳು, ಕುಂಡಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಿಂತ ಗಿರಾಕಿಗಳು. ಒಳಗೆ ಪಡಸಾಲೆ ಅನ್ನುವುದು ಹೆಸರಿಗೆ ಮಾತ್ರ. ಅರ್ಧ ಜಾಗ ಮಡಿಕೆ ತಿರುಗಿಸುವ ಕರೆಂಟಿನ ತಿಗರಿಗೆ, ಇನ್ನರ್ಧ ಹಸಿ ಮಡಿಕೆಗಳ ಹಲಗೆಗಳಿಗೆ. ಮನೆಯವರು ಉಣ್ಣಬೇಕೆಂದರೆ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಮೊಣಕಾಲು ತಾಗಿಸಿಕೊಂಡು ಕೂರಬೇಕು. ಗಂಡ ತಿರುಪತಿ ಕುಂಬಾರರ ಮನೆಯಲ್ಲೇ ಹುಟ್ಟಿದರೂ ತಿಗರಿಯ ಗೋಜಿಗೆ ಹೋಗದೆ ಟಂಟಂ ಆಟೊ ಓಡಿಸಿಕೊಂಡಿದ್ದ. ತಿಗರಿ ಹಿಡಿದವಳು ಸೊಸೆ.

“ಮನ್ಯಾಗೇ ಕುಂತು ದುಡೀತಿ, ನಿಂದು ಆರಾಮ ಬಿಡು” ಅನ್ನುವ ಹೆಂಗಸರು ಓಣಿಯಲ್ಲಿ ಬೇಕಾದಷ್ಟಿದ್ದರು. ಅವರೆಲ್ಲ ಒಂದು ದಿನ ಬಂದು ಆ ಆರಾಮವನ್ನು ಅನುಭವಿಸಿ ಹೋಗಬೇಕಿತ್ತು. ತಿಗರಿಯ ಬೆಲ್ಟು ಸಡಿಲಾದರೆ ಬಿಗಿಯಬೇಕು, ಹಿತ್ತಲಿನ ಗ್ಯಾಸ್ ಭಟ್ಟಿಯ ಉರಿಯನ್ನು ಮಗುವಿನ ಜ್ವರ ನೋಡಿಕೊಂಡಂತೆ ನೋಡಿಕೊಳ್ಳಬೇಕು, ಹಸಿ ಮಡಿಕೆ ಬೇಗ ಒಣಗದಂತೆ ಒದ್ದೆ ಗೋಣಿ ಹೊದಿಸಬೇಕು, ಸಂಜೆ ಮನೆಯ ತುಂಬ ಕೂತ ಧೂಳನ್ನು ಒರೆಸಿ ಮತ್ತೆ ರೊಟ್ಟಿ ಬಡಿಯಬೇಕು. ಎಲ್ಲಕ್ಕಿಂತ ಬೇಜಾರಿನ ಕೆಲಸ ಮಣ್ಣು ಸೋಸುವುದು. ಈ ಕಡೆಯ ಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ. ಮಣ್ಣನ್ನು ತೊಟ್ಟಿಯಲ್ಲಿ ನೆನೆಸಿ, ಅಂಬಲಿಯಂತೆ ತೆಳ್ಳಗೆ ಮಾಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಹಾಯಿಸಿದರೆ ಮಾತ್ರ ಅವು ಮೇಲೆ ಉಳಿಯುತ್ತವೆ. ಉಳಿಯದೆ ಒಳಗೆ ಸೇರಿಕೊಂಡವು ಬೆಂಕಿಯಲ್ಲಿ ಬೆಂದು ಸುಮ್ಮನಿರುತ್ತವೆ. ಮುಂದೆ ನೀರಿನ ಪಸೆ ತಗಲಿತೋ, ಉಬ್ಬಿ ಮಡಿಕೆಯನ್ನೇ ಒಡೆದು ಹೊರಗೆ ಬರುತ್ತವೆ.

ಮೂರು ವರ್ಷದ ಹಿಂದೆ ತೀರಿಕೊಂಡ ಅತ್ತೆ ಭಾಗಮ್ಮನಿಗೆ ಈ ವಿಷಯದಲ್ಲಿ ಒಂದು ಹಟವಿತ್ತು. ಯಾವ ತೊಟ್ಟಿಯ ಮಣ್ಣು ಹದಕ್ಕೆ ಬಂದರೂ ಮೊದಲ ಮುದ್ದೆಯನ್ನು ಐರಾಣಿಗೆಂದು ತೆಗೆದಿಡಬೇಕು, ಉಳಿದದ್ದು ಸಂತೆಗೆ. ಐರಾಣಿಯೆಂದರೆ ಲಗ್ನದ ಗಡಿಗೆ. ಲಗ್ನದ ಮನೆಯ ಹೆಂಗಸರು ಹಲಗಿ ಬಾರಿಸಿಕೊಂಡು ಕುಂಬಾರರ ಮನೆಗೆ ಬಂದು, ತಿಗರಿಗೆ ಪೂಜೆ ಮಾಡಿ, ಕುಂಬಾರಗಿತ್ತಿಗೆ ಉಡಿ ತುಂಬಿ, ಸುಣ್ಣ ಬಣ್ಣ ಬಳಿದ ಆ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ಒಯ್ಯುತ್ತಾರೆ. ದೇವರ ಮುಂದಿಟ್ಟು ನೀರು ತುಂಬಿದ ಮೇಲೇ ಲಗ್ನದ ಉಳಿದ ಕೆಲಸ. ಅದಕ್ಕೆ ಇಂತಿಷ್ಟೆಂದು ಬೆಲೆ ಇಲ್ಲ.

ಬೆಲೆ ಇಲ್ಲದ್ದೇ ಸುಮಲತಾಳನ್ನು ಕೆಡಿಸಿತು.

ಈ ಬೇಸಿಗೆಯಲ್ಲಿ ಯಾದಗಿರಿಯ ಮುಜಫರ ಎಂಬುವನು ಹೊಸ ಚಹಾ ಹೋಟೆಲಿಗೆಂದು ಮಣ್ಣಿನ ಕಪ್ಪುಗಳನ್ನು ಮಾಡಿಕೊಡಲು ಹೇಳಿದ್ದ. ಸುಮಲತಾಳ ಸ್ಟುಡಿಯೊಗೆ ಅಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿರಲಿಲ್ಲ. ಅವಳು ಹಗಲೆಲ್ಲ ತಿಗರಿಯ ಮುಂದೆಯೇ ಕೂತಳು. ಮೊದಲ ತೊಟ್ಟಿಯ ಮಣ್ಣು ಸೋಸಿ ಮುಗಿಯುವ ಹೊತ್ತಿಗೆ ಜರಡಿ ಹರಿಯಿತು. ಹೊಸದು ತರಲು ಶಹಾಪುರಕ್ಕೆ ಹೋಗಬೇಕು, ಹೋದರೆ ಒಂದು ದಿನದ ಕೆಲಸ ಹಾಳು. ಹರಿದ ಜಾಗಕ್ಕೆ ಬಟ್ಟೆ ಸಿಕ್ಕಿಸಿ ಎರಡನೆಯ ತೊಟ್ಟಿಯ ಮಣ್ಣನ್ನು ಸೋಸಿದಳು. ಬಟ್ಟೆ ಎಷ್ಟು ಹೊತ್ತು ನಿಂತೀತು? ಕಡೆಕಡೆಗೆ ಅದು ಸೋಸಿದ್ದಲ್ಲ, ಸುರಿದದ್ದು.

ಅಷ್ಟರಲ್ಲಿ ಕಕ್ಕೇರಾದಿಂದ ಹಣಮಮ್ಮ ಹೇಳಿಕಳಿಸಿದಳು. ಕುರಿ ಸಾಕುವ ಮಲ್ಕಪ್ಪನ ಹೆಂಡತಿ ಅವಳು. ಮಗಳು ಭಾರತಿಯ ಲಗ್ನ, ಕೆಂಭಾವಿಯ ಹುಡುಗ. ತಮ್ಮೂರಿನ ಕುಂಬಾರರ ಮನೆಯಲ್ಲಿ ತಿಗರಿ ನಿಂತಿದೆ, ಐರಾಣಿಗೆ ನಿಮ್ಮಲ್ಲಿಗೇ ಬರುತ್ತೇವೆ ಎಂದು. ಸುಮಲತಾ ಆಯಿತೆಂದಳು. ಮೊದಲ ತೊಟ್ಟಿಯ ಶುದ್ಧ ಮಣ್ಣು ಕಪ್ಪುಗಳಿಗೆ ಸರಿಯಾಗಿ ಸಾಲುವಷ್ಟಿತ್ತು. ಅದರಿಂದ ಐರಾಣಿಗೆ ತೆಗೆದರೆ ಕಪ್ಪುಗಳು ಕಡಿಮೆ ಬೀಳುತ್ತವೆ. ಹೋಟೆಲಿನವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವವನು. ಲಗ್ನದ ಹೆಂಗಸರು ಬೆಳಕಿಗೆ ಹಿಡಿಯುವುದಿಲ್ಲ, ಕಣ್ಣಿಗೊತ್ತಿಕೊಳ್ಳುತ್ತಾರೆ. ಮೇಲೆ ಹೇಗೂ ಬಣ್ಣ ಬಳಿಯುವುದು, ನಾಲ್ಕು ದಿನ ದೇವರ ಮುಂದೆ ಕೂರುವುದು. ಹೀಗೆಂದುಕೊಂಡು ಎರಡನೆಯ ತೊಟ್ಟಿಗೆ ಕೈ ಹಾಕಿದಳು.

ತಿಗರಿಯ ಮೇಲೆ ಗಡಿಗೆ ಎತ್ತುವಾಗ ಬೆರಳಿಗೆ ಹರಳು ಸಿಕ್ಕವು. ಒಂದೆರಡನ್ನು ಉಗುರಿನಿಂದ ಕಿತ್ತೆಸೆದಳು. ಮೂರನೆಯದು ಸಿಕ್ಕಾಗ ಬೆರಳನ್ನು ಪಕ್ಕಕ್ಕೆ ಸರಿಸಿ ನುಣ್ಣಗೆ ಮೆತ್ತಿಬಿಟ್ಟಳು. ಮನಸ್ಸಿಗೆ ಚುರುಕ್ಕೆನ್ನಲಿಲ್ಲ ಅಂತಲ್ಲ. ಅಂದಿತು. ಕೆಲಸದ ಗಡಿಬಿಡಿಯಲ್ಲಿ ಅದನ್ನೂ ಮೆತ್ತಿಬಿಟ್ಟಳು.

ಐರಾಣಿಗೆ ಬಂದ ದಿನ ಕಕ್ಕೇರಾದ ಹೆಂಗಸರು ಟಂಟಂ ಇಳಿದು, ಹಲಗಿ ಬಾರಿಸಿಕೊಂಡು, ಓಣಿಯೆಲ್ಲ ಎದ್ದು ನೋಡುವಂತೆ ಬಂದರು. ಕರೆಂಟಿನ ತಿಗರಿಗೆ ಎಲ್ಲಿ ಕುಂಕುಮ ಹಚ್ಚುವುದೆಂದು ಚರ್ಚೆ ನಡೆದು, ಕೊನೆಗೆ ಸ್ವಿಚ್ಚಿಗೂ ಒಂದು ಬೊಟ್ಟು ಬಿತ್ತು. ಎಲ್ಲರೂ ನಕ್ಕರು, ಸುಮಲತಾಳೂ ನಕ್ಕಳು. ಹಣಮಮ್ಮ ಗಡಿಗೆಯನ್ನು ತಲೆಗೇರಿಸಿಕೊಳ್ಳುವ ಮುಂಚೆ, “ನಿನ್ನ ಕೈ ತಂಪಿರಲಿ ಸುಮವ್ವ” ಎಂದಳು.

ಲಗ್ನವಾಗಿ ವಾರ ಕಳೆಯುವುದರೊಳಗೆ ಸುದ್ದಿ ಬಂತು. ತಂದವನು ತಿರುಪತಿ, ಟಂಟಂನಲ್ಲಿ ಕೂತ ಕಕ್ಕೇರಾದವರು ಆಡಿಕೊಂಡದ್ದನ್ನು ಕೇಳಿ. ತಾಳಿ ಕಟ್ಟಿ ಒಳಗೆ ಬಂದು ಮದುಮಕ್ಕಳು ದೇವರಿಗೆ ಕೈಮುಗಿದು ನಿಂತಾಗ, ನೀರು ತುಂಬಿದ ಐರಾಣಿ ಫಟ್ಟನೆ ಸದ್ದು ಮಾಡಿ ಸೀಳಿತಂತೆ. ನೀರು ಹರಿದು ಹುಡುಗಿಯ ಕಾಲಡಿಗೇ ಬಂತಂತೆ. ಬೀಗರ ಮುಖ ಕರ್ರಗಾಯಿತಂತೆ. ಹುಡುಗಿಯ ಕಾಲ್ಗುಣ ನೆಟ್ಟಗಿಲ್ಲ ಎಂದು ಅವಳನ್ನು ತವರಲ್ಲೇ ಬಿಟ್ಟು ಹೋದರಂತೆ.

“ಗಡಿಗಿ ಹ್ಯಾಂಗ ಒಡೀತು?” ಎಂದು ತಿರುಪತಿ ಕೇಳಿದ.

“ನನಗೇನು ಗೊತ್ತು? ಯಾರರ ಕೈ ತಾಗಿಸ್ಯಾರು” ಎಂದಳು ಸುಮಲತಾ. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಹಲಗಿಯ ಸದ್ದು ಎಲ್ಲಿ ಕೇಳಿದರೂ ಒಳಗೆ ಹೋಗಿ ಕೂರುವಳು. ಶಹಾಪುರಕ್ಕೆ ಹೋಗಿ ಹೊಸ ಜರಡಿ ತಂದಳು, ಎರಡನೆಯ ತೊಟ್ಟಿಯ ಮಣ್ಣನ್ನೆಲ್ಲ ಮತ್ತೆ ಸೋಸಿದಳು. ಯಾರಿಗೂ ಬೇಡವಾದ ಪ್ರಾಯಶ್ಚಿತ್ತ ಅದು. ಕಕ್ಕೇರಾದಲ್ಲಿ ಕೂತ ಹುಡುಗಿಗೆ ಅದರಿಂದ ಏನು ಬಂತು? ಹೋಗಿ ಹೇಳಬೇಕು ಎಂದು ಬೆಳಿಗ್ಗೆ ಅಂದುಕೊಂಡರೆ, ಹೇಳಿದರೆ ನಾಳೆಯಿಂದ ನನ್ನ ಬಾಗಿಲಿಗೆ ಯಾರು ಬರುತ್ತಾರೆ ಎಂದು ಮಧ್ಯಾಹ್ನ ಅನ್ನಿಸುತ್ತಿತ್ತು. ಫಲಕದ ಮೇಲಿನ ತನ್ನ ಹೆಸರು ನೋಡಲೂ ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಹಣಮಮ್ಮ ತಾನೇ ಬಂದಳು. ಜೊತೆಗೆ ಭಾರತಿ. ಜಗಳಕ್ಕೆ ಬಂದಿದ್ದಾಳೆಂದು ಸುಮಲತಾ ಹೆದರಿದಳು. ನಿಜ ಹೇಳಬೇಕೆಂದರೆ ಸ್ವಲ್ಪ ಹಗುರವೂ ಆಯಿತು. ಬೈಯಲಿ, ಬೈಸಿಕೊಂಡು ಮುಗಿಸಿಬಿಡೋಣ. ಆದರೆ ಹಣಮಮ್ಮ ಬೈಯಲಿಲ್ಲ. ತಿಗರಿಯ ಮುಂದೆ ಕಾಯಿ ಒಡೆದಳು, ಹಣೆ ಹಚ್ಚಿ ನಮಸ್ಕಾರ ಮಾಡಿದಳು, ಚೀಲದಿಂದ ಹೊಸ ಇಳಕಲ್ ಸೀರೆ ತೆಗೆದು ಸುಮಲತಾಳ ಉಡಿಗೆ ಹಾಕಿದಳು.

“ನಮ್ ಕಡಿಂದ ಏನೋ ತಪ್ಪಾಗ್ಯಾದ ಸುಮವ್ವ. ಉಡಿ ತುಂಬದ್ರಾಗ ಕಮ್ಮಿ ಮಾಡಿದ್ವೋ, ಒಯ್ಯುವಾಗ ಮೈಲಿಗಿ ಆತೋ, ತಿಳೀವಲ್ದು. ತಿಗರಿ ಮುನಿದ್ರ ನಮ್ಮಂಥೋರು ಎಲ್ಲಿಗಿ ಹೋಗಬೇಕು? ಮಾಫ್ ಮಾಡು. ಶ್ರಾವಣ ಬರ್ಲಿ ನೋಡಾನು ಅಂದಾರ ಬೀಗರು. ಅಳಿಯ ನಿಂಗರಾಜ ಅಂತೂ ಫೋನ್ ಎತ್ತವಲ್ಲ.”

ಆ ಸೀರೆ ತೊಡೆಯ ಮೇಲೆ ಕೆಂಡದಂತೆ ಕೂತಿತು. ನೆಲ ಬಾಯಿಬಿಟ್ಟರೆ ಇಳಿದು ಹೋಗಲು ಸುಮಲತಾ ಸಿದ್ಧಳಿದ್ದಳು. ಬೇಡವೆಂದು ಹೇಳಲು ಬಾಯಿ ತೆರೆದರೆ, “ಕುಂದರ್ರಿ, ಚಾ ಮಾಡ್ತೀನಿ” ಎಂಬ ಮಾತು ಹೊರಬಂತು. ಎಂಥ ನಾಲಿಗೆಯೋ ಅದು!

ಹಣಮಮ್ಮ ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಮಗಳು ತಲೆ ತಗ್ಗಿಸಿಕೊಂಡು ಗೋಡೆಗೆ ಕೂತಿದ್ದಳು. ಲಗ್ನದ ಹಸಿರು ಬಳೆ ಕೈತುಂಬ ಇದ್ದವು. ತಾಯಿ ಮರೆಯಾದದ್ದೇ ಅವಳು ಹತ್ತಿರ ಸರಿದಳು.

“ಅಕ್ಕಾರ, ಅವ್ವಗ ಹೇಳಬ್ಯಾಡ್ರಿ. ಅದು ನನ್ನಿಂದಲೇ ಒಡದದ. ಲಗ್ನದ ದಿನ ಮುಂಜಾನಿ ನಾ ಹೊರಗಾಗಿದ್ದೆ. ಹೇಳಿದ್ರ ಲಗ್ನ ನಿಲ್ತದಂತ ಅಂಜಿ ಮುಚ್ಚಿಟ್ಟೆ. ಐರಾಣಿಗಿ ನೀರು ತುಂಬಿದಾಕಿನೂ ನಾನೇ. ಅವ್ವ ದಿನಾ ಒಂದೊಂದು ಗುಡಿ ಸುತ್ತಾಕತ್ತಾಳ. ನನಗ ನೋಡಕ್ಕಾಗವಲ್ದು.”

ಸುಮಲತಾಳ ಮುಖಕ್ಕೆ ಯಾರೋ ಹೊಡೆದಂತಾಯಿತು. ತನ್ನ ಮಣ್ಣಿನ ಸೋಮಾರಿತನವನ್ನು ಈ ಮಗು ತನ್ನ ಮೈಯ ಪಾಪವೆಂದು ಹೊತ್ತುಕೊಂಡು ಕೂತಿದೆ.

“ನಿಂದಲ್ಲವ್ವ. ಮಣ್ಣಾಗ ಹರಳಿದ್ವು. ನಾ ಸೋಸಿರ್ಲಿಲ್ಲ” ಎಂದಳು ಸುಮಲತಾ.

ಭಾರತಿ ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕಳು. “ನನ್ನ ಸಮಾಧಾನಕ್ಕ ಹೇಳಾಕತ್ತೀರಿ. ನಿಮ್ಮದು ದೊಡ್ಡ ಮನಸ್ಸರಿ ಅಕ್ಕಾರ.”

ಸುಮಲತಾಳಿಗೆ ಅಳು ಬಂತು. ತಪ್ಪು ಒಪ್ಪಿಕೊಂಡರೂ ಅದು ದೊಡ್ಡ ಮನಸ್ಸಾಗಿಬಿಟ್ಟರೆ ಮನುಷ್ಯರು ಏನು ಮಾಡಬೇಕು? ಅಷ್ಟರಲ್ಲಿ ಹಣಮಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಒಡೆದ ಐರಾಣಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಚೂರುಗಳನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಅದನ್ನು ಬಿಚ್ಚಿದಳು.

ಸುಮಲತಾ ಚೂರುಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಹೊಟ್ಟೆಯ ಭಾಗದ್ದು ಸಿಕ್ಕಿತು. ಅಲ್ಲಿ ರೂಪಾಯಿ ಬಿಲ್ಲೆಯಷ್ಟಗಲ ಚಕ್ಕೆ ಹಾರಿ ಗುಳಿ ಬಿದ್ದಿತ್ತು, ಗುಳಿಯ ತಳದಲ್ಲಿ ಬೆಳ್ಳನೆಯ ಹುಡಿ. ಆ ಗುಳಿಯಿಂದಲೇ ಬಿರುಕು ಕಂಠದವರೆಗೆ ಹೋಗಿತ್ತು. ಅವಳು ಅದನ್ನು ಹಣಮಮ್ಮನ ಕೈಗಿಟ್ಟಳು.

“ಇದೇನಂತ ನೋಡ್ರಿ.”

ಹಣಮಮ್ಮ ದಿನಾ ಎಲೆಅಡಿಕೆ ಮೆಲ್ಲುವವಳು. ಹುಡಿಯನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿದಳು, ಮೂಸಿದಳು, ನಾಲಿಗೆಯ ತುದಿಗೆ ಮುಟ್ಟಿಸಿದಳು.

“ಸುಣ್ಣ” ಎಂದಳು. “ಮ್ಯಾಲಿಂದು ಬಳದದ್ದು, ಒಳಗ ಸುಣ್ಣ ಹ್ಯಾಂಗ ಬಂತು?”

“ಮಣ್ಣಾಗಿಂದು. ಸೋಸಿದ್ರ ಹೋಗ್ತದ. ನೀರು ಬಿತ್ತಂದ್ರ ಉಬ್ಬಿ ಸೀಳ್ತದ. ಯಾರ ಕೈ ತಗಲಿದ್ರೂ ಅಷ್ಟೇ, ತಗಲದಿದ್ರೂ ಅಷ್ಟೇ.” ಕೊನೆಯ ಮಾತನ್ನು ಭಾರತಿಯ ಮುಖ ನೋಡಿ ಹೇಳಿದಳು. ಹುಡುಗಿ ತಲೆ ಎತ್ತಿದಳು.

ಹಣಮಮ್ಮ ಚೂರನ್ನು ಬಟ್ಟೆಯ ಮೇಲೆ ಇಟ್ಟಳು. ಆಮೇಲೆ ಕೇಳಿದಳು, “ಕೊಡುವಾಗ ನಿನಗ ಗೊತ್ತಿತ್ತೇನು?”

ಇಲ್ಲ ಅನ್ನಬಹುದಿತ್ತು. ಇಲ್ಲ ಅಂದಿದ್ದರೆ ಹಣಮಮ್ಮ ನಂಬುತ್ತಿದ್ದಳು, ಹುಡುಗಿಯೂ ಉಳಿಯುತ್ತಿದ್ದಳು, ಫಲಕವೂ ಉಳಿಯುತ್ತಿತ್ತು. ಆ ಮಾತು ಸುಮಲತಾಳ ತುಟಿಯವರೆಗೂ ಬಂದು ನಿಂತಿತು. ಪಕ್ಕದಲ್ಲಿ ಭಾರತಿ ಅವಳ ಮುಖವನ್ನೇ ನೋಡುತ್ತ ಕೂತಿದ್ದಳು.

“ಗೊತ್ತಿತ್ತು” ಎಂದಳು. “ಬೆರಳಿಗಿ ಹತ್ತಿತ್ತು.”

ಹಣಮಮ್ಮನ ಕಣ್ಣು ಪಡಸಾಲೆಯ ಸುತ್ತ ಹರಿದವು. ಹಲಗೆಗಳ ಮೇಲೆ ಯಾದಗಿರಿಗೆ ಹೋಗಬೇಕಾದ ಕಪ್ಪುಗಳು ಸಾಲಾಗಿ, ಒಂದರ ಹಾಗೆ ಒಂದು, ನುಣ್ಣಗೆ ಕೂತಿದ್ದವು. ಒಂದನ್ನು ಎತ್ತಿ ಬೆರಳಾಡಿಸಿದಳು.

“ಇವೂ ಅದೇ ಮಣ್ಣೇನು?”

ಎಲ್ಲಕ್ಕಿಂತ ಈ ಪ್ರಶ್ನೆಗೇ ಸುಮಲತಾ ಹೆದರಿದ್ದಳು. “ಅಲ್ಲ” ಎಂದಳು. “ಇವಕ್ಕ ಸೋಸಿದ್ದು. ಉಳಿದದ್ದು ನಿಮಗ.”

ಹಣಮಮ್ಮ ಕಪ್ಪನ್ನು ತೆಗೆದ ಜಾಗದಲ್ಲೇ ಮೆಲ್ಲಗೆ ಇಟ್ಟಳು. ಚೀರಾಡಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ನೆಲಕ್ಕೆ ಹಾಕಿದ್ದರೆ ಎಷ್ಟೋ ವಾಸಿಯಿತ್ತು. ಸುಮಲತಾ ಉಡಿಯ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದಳು.

“ಒಯ್ಯಿರಿ. ಇದಕ್ಕ ನಾ ಲಾಯಕ್ಕಿಲ್ಲ.”

“ಉಡಿ ತುಂಬಿದ್ದು ತಿರುಗಿ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ” ಎಂದಳು ಹಣಮಮ್ಮ. ಧ್ವನಿ ಒಣಗಿತ್ತು. “ಉಟ್ಕೊ. ಉಟ್ಕೊಂಡು ನಮ್ ಸಂಗಾಟ ಕೆಂಭಾವಿಗಿ ನಡಿ. ನನ್ನ ಮಗಳ ಮ್ಯಾಲೆ ಹೊರಿಸಿದ ಮಾತು ಬೀಗರ ಮನ್ಯಾಗ, ನಾಕು ಮಂದಿ ಮುಂದ, ನೀನೇ ಇಳಿಸು. ನಾ ಏನು ತಿಳಿದು ಈ ಸೀರಿ ತಂದಿದ್ದೆ ಅನ್ನೋದೂ ಹೇಳು.”

ಸುಮಲತಾ ಒಳಗೆ ಹೋಗಿ ಸೀರೆ ಉಟ್ಟಳು. ಗಂಜಿಯ ಗಡುಸಿನ್ನೂ ಹೋಗದ ಆ ಸೀರೆಯ ನೆರಿಗೆ ಕೈಗೆ ನಿಲ್ಲಲೊಲ್ಲದು. ಕನ್ನಡಿ ನೋಡಲಿಲ್ಲ. ತಿರುಪತಿಗೆ ಫೋನ್ ಮಾಡಿ, ಟಂಟಂ ತಗೊಂಡು ಬಾ, ಕೆಂಭಾವಿಗೆ ಹೋಗಬೇಕು ಎಂದಷ್ಟೇ ಹೇಳಿದಳು.

ತಿರುಪತಿ ಟಂಟಂ ತಂದು ನಿಲ್ಲಿಸಿ, ಮೂವರೂ ಹೊರಗೆ ಬಂದಾಗ ಓಣಿಯ ಹೆಂಗಸರು ನಲ್ಲಿಯ ಮುಂದೆ ಕೊಡ ಸಾಲಿಟ್ಟು ನಿಂತಿದ್ದರು. ಹೊಸ ಸೀರೆ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಎದುರು ಮನೆಯ ಮರಿಲಿಂಗಮ್ಮ ಅಲ್ಲಿಂದಲೇ ಕೂಗಿದಳು, “ಏನ್ ಸುಮಾ, ಚಂದ ಕಾಣಾಕತ್ತಿ! ಯಾರ ಲಗ್ನಕ್ಕವ್ವ?”

ಸುಮಲತಾ ಸೆರಗು ಹೊದ್ದುಕೊಂಡು ಟಂಟಂ ಕಡೆ ನಡೆದಳು. ಹಣಮಮ್ಮ ಒಳಗೆ ಹತ್ತಿ ಕೂತಳು. ಇಷ್ಟು ದಿನ ಯಾರ ಮುಂದೆಯೂ ಗಟ್ಟಿಯಾಗಿ ಮಾತಾಡದಿದ್ದ ಭಾರತಿ ಟಂಟಂ ಹತ್ತುತ್ತ ತಿರುಗಿ ನಿಂತಳು.

“ನಂದರಿ” ಎಂದಳು. ಆಮೇಲೆ ಒಳಗೆ ಸರಿದು, ಸುಮಲತಾಳಿಗೆ ಪಕ್ಕದಲ್ಲಿ ಜಾಗ ಮಾಡಿದಳು.