ಕಲ್ಯಾಣಮ್ಮ ಉಡಿ ತುಂಬಿದ ಕೊಡ

ಕೆನಾಲು ಬಂದು ನಮ್ಮ ಸೀಮೆಗೆ ನೀರು ತಂದಿತು ಎಂದು ಎಲ್ಲರೂ ಹೇಳುತ್ತಾರೆ. ತಗ್ಗಿನಹಾಳಕ್ಕೆ ಅದು ಮೊದಲು ತಂದದ್ದು ಮಹಾದೇವಪ್ಪನವರನ್ನು.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸು ಇಳಿದು ಎರಡು ಮೈಲಿ ನಡೆದರೆ ನಮ್ಮೂರು. ಕಾಲುವೆಗೆ ಸಿಮೆಂಟು ಹಾಕುವ ಗುತ್ತಿಗೆ ಹಿಡಿದು ಬಂದ ಮಹಾದೇವಪ್ಪನವರು ಕೆಲಸ ಮುಗಿದ ಮೇಲೆ ಹೋಗಲಿಲ್ಲ. ಕೆರೆಯ ಕೆಳಗೆ ಎಂಬತ್ತು ಎಕರೆ ಕೊಂಡು ಭತ್ತ ಹಚ್ಚಿದರು, ಮನೆ ಕಟ್ಟಿಸಿದರು, ಸಾವ್ಕಾರರಾದರು. ಕೆಟ್ಟ ಮನುಷ್ಯರಲ್ಲ. ಎದುರು ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಯಾರ ಮನೆಯ ಕೂಸಿಗೆ ಜ್ವರ ಬಂದಿದೆ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ, ನೀರನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು.

ಕಾಲುವೆಗೆ ನೀರು ಬಿಟ್ಟಾಗಲೆಲ್ಲ ನಮ್ಮ ಕೆರೆ ತುಂಬುತ್ತಿತ್ತು. ಆದರೆ ಕೆರೆಯ ದಂಡೆಯ ಮೇಲೆ ಸಾವ್ಕಾರರ ಮೋಟಾರು ಕೂತಿತ್ತು. ಎಂಟು ದಿನ ಕಳೆಯುವಷ್ಟರಲ್ಲಿ ಕೆರೆ ಭತ್ತದ ಗದ್ದೆಯಲ್ಲಿರುತ್ತಿತ್ತು. ಮೋಟಾರು ತೆಗೆಸಬೇಕಾದದ್ದು ಪಂಚಾಯಿತಿ. ಪಂಚಾಯಿತಿಯಲ್ಲಿ ನಮ್ಮೂರಿನ ಸದಸ್ಯ ಅಯ್ಯಪ್ಪ. ಅಯ್ಯಪ್ಪ ಸಾವ್ಕಾರರ ಮನೆಯ ಕಾರಭಾರಿ. ಇದಕ್ಕಿಂತ ಹೆಚ್ಚು ವಿವರಿಸುವುದು ಬೇಡ.

ಊರಿನ ಹೆಂಗಸರಿಗೆ ಉಳಿದದ್ದು ಮಕ್ಕಳ ಸಾಲಿ ಅಂಗಳದ ಬೋರಿಂಗು. ಅದರ ಕೈ ಹಿಡಿದು ಇಪ್ಪತ್ತು ಸಲ ಒತ್ತಿದರೆ ಒಂದು ತಂಬಿಗೆ ಉಪ್ಪುನೀರು. ಮನುಷ್ಯರು ಹೇಗೋ ಕುಡಿಯುತ್ತಿದ್ದರು, ದನಗಳು ಮುಖ ತಿರುಗಿಸುತ್ತಿದ್ದವು. ನನ್ನ ಎದುರು ಮನೆಯ ಮಾನಮ್ಮನಿಗೆ ಎರಡು ಎಮ್ಮೆಗಳಿದ್ದವು. ಹಿಂದಿನ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಒಂದನ್ನು ಗುರುಮಠಕಲ್ ಕಡೆಯ ದಲ್ಲಾಳಿಗೆ ಮಾರಿದಳು. ಉಳಿದದ್ದರ ಹಾಲಿನಿಂದಲೇ ಆ ಮನೆಯ ಒಲೆ ಉರಿಯುತ್ತಿತ್ತು. ಈ ಬೇಸಿಗೆಗೂ ಕೆರೆ ಒಣಗಿದರೆ ಅದನ್ನೂ ಹಗ್ಗ ಸಮೇತ ಕೊಟ್ಟುಬಿಡಬೇಕಾಗಿತ್ತು.

ನಾನು ಸಾಲಿಯಲ್ಲಿ ಪಾಠ ಹೇಳುವ ಕೆಲಸದಿಂದ ನಿವೃತ್ತಳಾಗಿ ಆಗ ಒಂದು ವರ್ಷ. ಊರವರು ನನ್ನನ್ನು ಇನ್ನೂ ಅಕ್ಕೋರು ಎಂದೇ ಕರೆಯುತ್ತಿದ್ದರು. ಎರಡು ಸಾವಿರದ ಇಸವಿಯ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಅಯ್ಯಪ್ಪ ನಿಲ್ಲುವಂತಿರಲಿಲ್ಲ. ಸಾವ್ಕಾರರು ಹೆಂಡತಿ ಕಲ್ಯಾಣಮ್ಮನನ್ನು ನಿಲ್ಲಿಸುವುದೆಂದು ತೀರ್ಮಾನಿಸಿದರು. ಈ ವಿಷಯ ಕಲ್ಯಾಣಮ್ಮನಿಗೆ ಗೊತ್ತಾದದ್ದು, ಸಹಿ ಕಲಿಸಿಕೊಡಲು ನಾನು ಅವರ ಮನೆಗೆ ಹೋದ ದಿನ.

"ನಾನ್ಯಾಕ ಸಹಿ ಕಲೀಬೇಕ್ರಿ ಅಕ್ಕೋರೆ?" ಎಂದು ಕೇಳಿದಳು.

"ನೀನು ಚುನಾವಣಿಗೆ ನಿಂತೀಯಂತಲ್ಲವ್ವ."

"ಹೌದೇನ್ರಿ," ಎಂದು ಸ್ವಲ್ಪ ಹೊತ್ತು ಯೋಚಿಸಿ, "ಚಹಾ ಕುಡೀತೀರೇನು?" ಎಂದಳು.

ಚುನಾವಣೆಯ ಕಟ್ಟುನಿಟ್ಟು ಶುರುವಾದ ಮೇಲೆ ಏನನ್ನೂ ಹಂಚುವಂತಿಲ್ಲ. ಆದ್ದರಿಂದ ಸಾವ್ಕಾರರು ಒಂದು ತಿಂಗಳು ಮೊದಲೇ ಯಾದಗಿರಿಯಿಂದ ಲಾರಿ ತರಿಸಿದರು. ಲಾರಿಯ ತುಂಬ ಸ್ಟೀಲಿನ ಕೊಡ, ಮನೆಗೊಂದರಂತೆ ನೂರಾ ನಲವತ್ತು. ಸುಮ್ಮನೆ ಹಂಚಿದರೆ ಜನ ಇಸಿದುಕೊಂಡು ಮರೆತುಬಿಡುತ್ತಾರೆ ಎಂದು ಹೇಳಿದವನು ಅಯ್ಯಪ್ಪ. ಉಪಾಯ ಹೇಳಿದವನೂ ಅವನೇ: ಕಲ್ಯಾಣಮ್ಮ ಎಲ್ಲರಿಗೂ ಉಡಿ ತುಂಬಲಿ, ಉಡಿಯ ಜೊತೆ ಕೊಡವನ್ನು ಕೊಡಲಿ. ಉಡಿಯಲ್ಲಿ ಬಿದ್ದದ್ದರ ಋಣವನ್ನು ಯಾವ ಹೆಣ್ಣುಮಗಳೂ ಮರೆಯುವುದಿಲ್ಲ.

ಮಾಡಿದ್ದು ರಾಜಕೀಯಕ್ಕಾದರೂ ಕಲ್ಯಾಣಮ್ಮ ಅದನ್ನು ರಾಜಕೀಯದ ಹಾಗೆ ಮಾಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ರವಿಕೆಗೆಂದು ಕುಬಸದ ಕಣ, ಒಂದನ್ನೂ ಕಡಿಮೆ ಮಾಡದೆ ಒಬ್ಬೊಬ್ಬರ ಸೆರಗಿಗೂ ಹಾಕಿದಳು. ಟೇಲರ್ ಸರದಾರಸಾಬರ ಹೆಂಡತಿ ನಜೀಮಾ ಬಂದಾಗ ಕುಂಕುಮದ ಬಟ್ಟಲು ಪಕ್ಕಕ್ಕಿಟ್ಟು ತಲೆಗೆ ಮಲ್ಲಿಗೆ ಮುಡಿಸಿದಳು. ವಿಧವೆ ಹನುಮಮ್ಮ ಮುದುಕಿ ಪದ್ಧತಿಯಂತೆ ದೂರ ನಿಂತಿದ್ದಳು. ಕಲ್ಯಾಣಮ್ಮ ತಾನೇ ಅಂಗಳಕ್ಕಿಳಿದು ಹೋಗಿ, "ಅತ್ತಿ, ನಿಮ್ಮ ಕೊಡ ಭಾರ ಅದ, ನಾ ಮನಿತನ ತರ್ತೀನಿ ನಡೀರಿ," ಎಂದು ಬಗಲಲ್ಲಿಟ್ಟುಕೊಂಡು ಹೊರಟಳು. ಖಾಲಿ ಕೊಡ ಏನು ಭಾರ.

ಸಾವ್ಕಾರರು ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದರು. ಮನೆಮನೆಗೆ ನಳ, ಊರಿಗೊಂದು ಮಂಟಪ, ಎಲ್ಲರಿಗೂ ಅಬ್ಬೆತುಮಕೂರು ಮಠಕ್ಕೆ ಪುಕ್ಕಟೆ ಜೀಪು.

ನಜೀಮಾ ಕೊಡವನ್ನು ಬಡಿದು ನೋಡಿದಳು. ಟಣ್ ಎಂದಿತು. "ಚಂದ ಅದ," ಎಂದಳು. "ಕೆರಿ ಇವ್ರು ಇಟಗೊಂಡ್ರು, ಕೊಡ ನಮಗ ಕೊಟ್ರು. ಪಾಲು ಬರೋಬ್ಬರಿ ಆತು."

ಅಂದು ಮಾನಮ್ಮನೂ ತನ್ನ ಕೊಡ ತಂದು ಬೋರಿಂಗಿನ ಸಾಲಿನಲ್ಲಿಟ್ಟಳು. ಪಾಳಿ ಬರಲು ಎರಡು ತಾಸಾಯಿತು. ಅರ್ಧ ಕೊಡ ತುಂಬುವಷ್ಟರಲ್ಲಿ ನೀರು ಕೆಸರಾಯಿತು. ಮನೆಗೆ ಬಂದು ಎಮ್ಮೆಯ ಮುಂದೆ ಹಿಡಿದರೆ ಅದು ಮೂಸಿ, ಹೊಸ ಸ್ಟೀಲಿನಲ್ಲಿ ತನ್ನ ಮುಖವನ್ನೇ ನೋಡುತ್ತ ನಿಂತಿತು.

ಮಾನಮ್ಮ ನೇರವಾಗಿ ನನ್ನ ಬಾಗಿಲಿಗೆ ಬಂದಳು. "ಅಕ್ಕೋರೆ, ಪಂಚಾಯ್ತಿಗಿ ನಿಲ್ಲಾಕ ಏನೇನು ಬೇಕ್ರಿ?"

"ಯಾರು ನಿಲ್ಲಾಕತ್ಯಾರ?"

"ನಾನ. ಆ ಮೋಟಾರ ಬಿಚ್ಚಸಬೇಕು. ಇದೊಂದು ಎಮ್ಮಿ ನಾ ಮಾರಂಗಿಲ್ಲ."

ಅವಳ ಗಂಡ ಅಂಬ್ರಪ್ಪ ಹಿಂದೆ ನಿಂತಿದ್ದ, ಕಡಿಮೆ ಮಾತಿನವನು. "ನಾ ಹಾಲು ಹಿಂಡತೀನಿ ಬಿಡ್ರಿ, ಆಕಿ ಊರು ಅಡ್ಯಾಡಲಿ," ಎಂದ. ಆ ಮಾತು ಅವನಿಂದ ಬಂದದ್ದು ನನಗೆ ಇವತ್ತಿಗೂ ನೆನಪಿದೆ.

ಗುರುತು ಹಂಚುವ ದಿನ ನಾನೂ ಜೊತೆಗೆ ಹೋದೆ. ಅಧಿಕಾರಿ ಚಿತ್ರಗಳ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಕಲ್ಯಾಣಮ್ಮನ ಪರವಾಗಿ ಬಂದಿದ್ದ ಅಯ್ಯಪ್ಪ ಮೊದಲೇ ಫ್ಯಾನು ಹಿಡಿದ. "ದೊಡ್ಡವರ ಮನಿ ಗುರ್ತು ದೊಡ್ಡದ ಇರಬೇಕ್ರಿ," ಎಂದ. ಉಳಿದದ್ದರಲ್ಲಿ ಏಣಿ, ಲಾಟೀನು, ಕೊಡ ಇದ್ದವು.

"ಏಣಿ ತಗೊಳ್ಳವ್ವ, ಮೇಲೆ ಏರಿಸ್ತದ," ಎಂದೆ ನಾನು.

"ಬ್ಯಾಡ್ರಿ ಅಕ್ಕೋರೆ. ಛಾಪಿಸಾಕ ನನ್ನ ಹಂತ್ಯಾಕ ರೊಕ್ಕ ಇಲ್ಲ, ಗ್ವಾಡಿಗಿ ಸುಣ್ಣದಾಗ ನಾನ ಬರೀಬೇಕು. ನಾ ಏಣಿ ಬರದ್ರ ಜನ ಚಟ್ಟ ಅಂತ ತಿಳೀತಾರ."

"ಲಾಟೀನು?"

"ಅದರ ಗಾಜು ನನಗ ಬರಂಗಿಲ್ಲ." ಬೆರಳನ್ನು ಹಾಳೆಯ ಮೇಲೆ ಆಡಿಸಿದಳು. "ಇದು ಬರ್ತದ ನೋಡ್ರಿ. ಮ್ಯಾಲೊಂದು ಕಂಠ, ಕೆಳಗೊಂದು ಹೊಟ್ಟಿ. ಕೊಡ ಬರಕೋರಿ."

ಅಯ್ಯಪ್ಪ ನಕ್ಕ. ಅಧಿಕಾರಿ ಬರೆದುಕೊಂಡರು. ನಾನೂ ತಲೆಯಾಡಿಸಿದೆ. ಆ ಕೋಣೆಯಲ್ಲಿದ್ದ ಒಬ್ಬರಿಗೂ ಏನೂ ಹೊಳೆಯಲಿಲ್ಲ. ನಮ್ಮೂರಿನ ಗಂಡಸರಿಗೆ ಕೊಡ ಎಂದರೆ ಹೆಂಗಸರ ಸೊಂಟದ ಒಂದು ಭಾಗ, ಅಯ್ಯಪ್ಪ ಅದನ್ನು ಬೇರೆಯಾಗಿ ನೋಡಿಯೇ ಇರಲಿಲ್ಲ. ಆದರೆ ನನಗೆ ಏನಾಗಿತ್ತು.

ಊರಿಗೆ ಮರಳಿದಾಗ ಇಳಿಬಿಸಿಲು. ಬೋರಿಂಗಿನಿಂದ ಸಾಲಿಯ ಗೇಟಿನವರೆಗೆ ಕೊಡಗಳ ಸಾಲು, ಒಂದಕ್ಕಿಂತ ಒಂದು ಹೊಳೆಯುತ್ತಿದ್ದವು. ಮಾನಮ್ಮ ಅಲ್ಲಿಯೇ ನಿಂತುಬಿಟ್ಟಳು. ಗುರುತು ಯಾವುದೆಂದು ಕೇಳಿದ ನಜೀಮಾ, ಉತ್ತರ ಕೇಳಿ ಬೋರಿಂಗಿನ ಹಿಡಿಕೆ ಬಿಟ್ಟು ನೆಲಕ್ಕೆ ಕೂತು ನಕ್ಕಳು.

"ಮಾನಕ್ಕ, ನಿನ್ನ ಪ್ರಚಾರದ ಖರ್ಚು ಯಾರು ಮಾಡ್ಯಾರ ನೋಡು. ಲಾರಿ ಬಾಡಿಗಿ ಸಮೇತ."

ಸುದ್ದಿ ಸಾವ್ಕಾರರ ಮನೆ ಮುಟ್ಟಿದಾಗ ನಾನು ಅಲ್ಲಿಯೇ ಇದ್ದೆ. ಎದುರಾಳಿಯ ಜೊತೆ ಓಡಾಡಿದ್ದೇನೆಂದು ಕಲ್ಯಾಣಮ್ಮ ನನ್ನ ಪಾಠ ನಿಲ್ಲಿಸಿರಲಿಲ್ಲ. ಪಾಟಿಯ ಮೇಲೆ ತನ್ನ ಹೆಸರಿನ ಮೂರನೆಯ ಅಕ್ಷರಕ್ಕೆ ಬಂದಿದ್ದಳು.

"ಧಣಿ, ಕೆಲಸ ಕೆಟ್ಟದ," ಎಂದ ಅಯ್ಯಪ್ಪ. "ಮಾನಮ್ಮನ ಗುರ್ತು ಕೊಡ ಅಂತ್ರಿ."

"ಯಾವ ಕೊಡ?"

"ನಿಮ್ಮ ಕೊಡಾನರಿ."

ಸಾವ್ಕಾರರು ಬಾಯಿಗೆ ಒಯ್ಯುತ್ತಿದ್ದ ಎಲೆಯಡಿಕೆ ಕೆಳಗಿಟ್ಟರು. "ಗುರ್ತು ಕೊಡುವಾಗ ನೀ ಅಲ್ಲೇ ಇದ್ದೆಲ್ಲ?"

"ಇದ್ನಿರಿ. ನಕ್ಕೂ ನಕ್ನಿರಿ."

"ಹೋಗಿ ಎಲ್ಲಾ ತಿರುಗಿ ತಗೊಂಡು ಬಾ. ಬದಲಿ ಬಕೀಟು ಕೊಡೋಣ."

ಕಲ್ಯಾಣಮ್ಮ ಪಾಟಿಯಿಂದ ತಲೆ ಎತ್ತಲಿಲ್ಲ. "ಹಂಗ ತರಾಕ ಬರಂಗಿಲ್ಲರಿ," ಎಂದಳು. "ನಾ ಉಡಿ ತುಂಬೀನಿ. ಉಡಿಗಿ ಹಾಕಿದ್ದು ಇಸಗೊಂಡ್ರ ಹಾಕಿದಾಕಿ ಗಂಡಗ ಒಳ್ಳೇದಲ್ಲ."

ಗಂಡ ಎಂದರೆ ಸಾವ್ಕಾರರೇ. ಅವರು ಗೋಡೆಯ ಮೇಲಿನ ದೇವರ ಪಟದ ಕಡೆ ನೋಡಿದರು, ಅಯ್ಯಪ್ಪನ ಕಡೆ ನೋಡಿದರು.

"ಉಡಿ ತುಂಬು ಅಂದವ ಯಾರು?"

ಅಯ್ಯಪ್ಪ ಚಪ್ಪಲಿ ಹುಡುಕುತ್ತ ಹೊರಗೆ ಹೋದ.

ಆಮೇಲಿನ ಹದಿನೈದು ದಿನ ಅಯ್ಯಪ್ಪ ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಫ್ಯಾನಿನ ಚಿತ್ರದ ಚೀಟಿಗಳನ್ನು ಛಾಪಿಸಿ ಕೊಡಗಳ ಮೇಲೆ ಅಂಟಿಸಿದ. ಹೆಂಗಸರು ಬೂದಿ ಹಚ್ಚಿ ತಿಕ್ಕುವಾಗ ಫ್ಯಾನು ಹೋಗಿ ಕೊಡ ಉಳಿಯಿತು. ಬೀದಿಯಲ್ಲಿ ನಿಂತು, "ಕೊಡ ಕೊಟ್ಟವ್ರು ಫ್ಯಾನಿನವ್ರು, ಫ್ಯಾನಿನವ್ರು ಕೊಟ್ಟಿದ್ದು ಕೊಡ," ಎಂದು ತಿಳಿಸಿ ಹೇಳುತ್ತಿದ್ದ. ಹನುಮಮ್ಮ ಮುದುಕಿ ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟು, "ತಮ್ಮಾ, ಬಿಸಲಾಗ ಯಾಕ ಇಷ್ಟು ಒದರ್ತಿ. ಕಲ್ಯಾಣವ್ವ ಕೊಟ್ಟ ಕೊಡಕ್ಕ ಹಾಕ್ತೀನಿ ಬಿಡು," ಎಂದಳು. ಅವನು ಮಜ್ಜಿಗೆ ಅರ್ಧ ಬಿಟ್ಟು ಎದ್ದ.

ಮತದಾನ ಸಾಲಿಯಲ್ಲಿ. ಬೋರಿಂಗೂ ಅಲ್ಲಿಯೇ. ಬೆಳಗ್ಗೆ ಏಳಕ್ಕೇ ಅಯ್ಯಪ್ಪ ಮತಗಟ್ಟೆಯ ಅಧಿಕಾರಿಗೆ ದೂರು ಬರೆದುಕೊಟ್ಟ. ನೂರು ಮೀಟರಿನ ಒಳಗೆ ಗುರುತು ತೋರಿಸುವುದು ತಪ್ಪು, ಮೂವತ್ತು ಹೆಂಗಸರು ಗುರುತನ್ನು ಸೊಂಟದ ಮೇಲಿಟ್ಟುಕೊಂಡು ಮತಗಟ್ಟೆಯ ಮುಂದೆ ಅಡ್ಡಾಡುತ್ತಿದ್ದಾರೆ.

ಅಧಿಕಾರಿ ನಸೀರುದ್ದೀನ ಯಾದಗಿರಿಯಲ್ಲಿ ಮಾಸ್ತರರು, ತಾಳ್ಮೆಯ ಮನುಷ್ಯ. ರಾತ್ರಿ ಬಂದಿಳಿದಾಗ ಅವರಿಗೆ ಸ್ನಾನಕ್ಕೆ ನೀರು ತಂದಿಟ್ಟವಳು ನಜೀಮಾ. ಹೊರಗೆ ಬಂದು ಸಾಲು ನೋಡಿದರು.

"ತಾಯಂದಿರೆ, ಇವತ್ತೊಂದಿನ ಕೊಡ ತರಬ್ಯಾಡ್ರಿ."

"ನೀರು ಸೆರಗಿನ್ಯಾಗ ಒಯ್ಯೂನೇನ್ರಿ ಸಾಹೇಬ್ರ?" ಎಂದಳು ನಜೀಮಾ.

"ಮುಚ್ಚಿಕೊಂಡು ಬರ್ರಿ ಹಂಗಾದ್ರ."

ಮುಚ್ಚಿಕೊಂಡು ಬಂದರು. ಹಸಿರು, ಕೆಂಪು, ಹಳದಿ ಬಟ್ಟೆ ಸುತ್ತಿದ ಕೊಡಗಳು ಮದುವೆಯ ಮೆರವಣಿಗೆಯ ಹಾಗೆ ಕಂಡವು. ಓಟು ಹಾಕಲು ನಿಂತಿದ್ದವರೆಲ್ಲ ತಿರುಗಿ ನೋಡತೊಡಗಿದರು. ಅಯ್ಯಪ್ಪ ಇನ್ನೊಂದು ದೂರು ಬರೆದ.

ನಸೀರುದ್ದೀನ ಸಾಹೇಬರು ಕನ್ನಡಕ ಒರೆಸಿಕೊಂಡರು. "ನೋಡ್ರಿ ಅಯ್ಯಪ್ಪನವರೆ, ನೀರು ಬ್ಯಾಡ ಅನ್ನಾಕ ನನಗ ಕಾಯ್ದೆ ಇಲ್ಲ. ಇವರ ಮನಿಗೆ ನೀರು ಮುಟ್ಟಿದ್ರ ಇವರು ಇಲ್ಲಿಗೆ ಬರಂಗಿಲ್ಲ. ಮುಟ್ಟಸಾಕ ಯಾರಿಗರ ಆಗ್ತದೇನು?"

ಹಿಂದಿನ ರಾತ್ರಿಯಷ್ಟೇ ಕಾಲುವೆಯ ನೀರು ಬಂದು ಕೆರೆ ತುಂಬತೊಡಗಿತ್ತು. ಊರಿನಲ್ಲಿ ಟ್ಯಾಂಕರು ಇದ್ದದ್ದು ಒಬ್ಬರ ಹತ್ತಿರ. ಅಯ್ಯಪ್ಪ ಹೋಗಿ ಕೇಳಿದ. ಸಾವ್ಕಾರರು ಬೇರೆ ದಾರಿ ಕಾಣದೆ ಹೂಂ ಅಂದರು. ಆದರೆ ಅಧಿಕಾರಿಗೆ ಇನ್ನೊಂದು ಅನುಮಾನ ಬಂತು. ಓಟಿನ ದಿನ ಉಮೇದುವಾರರ ಮನೆಯಿಂದ ನೀರು ಹಂಚಿದರೆ ಆಮಿಷ, ಹಂಚದಿದ್ದರೆ ಕೊಡಗಳ ಪ್ರಚಾರ. ಕೊನೆಗೆ, "ಕೆರಿ ನೀರು ಊರಿಂದ. ಊರಿಂದು ಊರಿಗೆ ಕೊಟ್ರ ಆಮಿಷ ಆಗಂಗಿಲ್ಲ," ಎಂದು ಎರಡು ಪ್ರತಿ ಬರೆದು, ಅಯ್ಯಪ್ಪನ ಸಹಿ ತೆಗೆದುಕೊಂಡು, ಒಂದನ್ನು ಮಾನಮ್ಮನಿಗೆ ಕೊಟ್ಟರು. ಆ ಸಹಿ ಮುಂದೆ ಎಷ್ಟು ಕೆಲಸಕ್ಕೆ ಬಂತು ಎಂದು ಅವರಿಗೆ ಗೊತ್ತಾಗಲೇ ಇಲ್ಲ.

ಹೀಗೆ ಆ ದಿನ ಸಾವ್ಕಾರರ ಮೋಟಾರು ಕೆರೆಯಿಂದ ಸಾವ್ಕಾರರ ಟ್ಯಾಂಕರಿಗೆ ನೀರೆತ್ತಿತು. ಸಾವ್ಕಾರರ ಆಳುಗಳು ಮನೆಮನೆಯ ಕಟ್ಟೆಯ ಮೇಲೆ ಸಾವ್ಕಾರರೇ ಕೊಟ್ಟ ಕೊಡಗಳನ್ನು ತುಂಬಿದರು. ಬಾಗಿಲು ಬಾಗಿಲಿಗೆ ಮಾನಮ್ಮನ ಗುರುತು ತುಂಬಿ ತುಳುಕುತ್ತಿತ್ತು. ಮಾನಮ್ಮನ ಎಮ್ಮೆ ಎರಡು ಕೊಡ ಸಿಹಿನೀರು ಕುಡಿದು ಮೂರನೆಯದಕ್ಕೆ ಮೂತಿ ಚಾಚಿತು.

"ಇಷ್ಟ ಸಸಾರ ಇತ್ತೇನು ಇದು," ಎಂದಳು ನಜೀಮಾ, ತುಂಬಿದ ಕೊಡ ನೋಡುತ್ತ. ಆಗ ಅವಳು ನಗಲಿಲ್ಲ. ಓಟಿಗೆ ಹೊರಟವರೂ ಅದನ್ನೇ ಮಾತಾಡುತ್ತ ಹೋದರು.

ಶಹಾಪುರದಲ್ಲಿ ಎಣಿಕೆಯಾಯಿತು. ಮಾನಮ್ಮ ಒಂಬತ್ತು ಓಟಿನಿಂದ ಗೆದ್ದಳು.

ಮಾರನೆಯ ದಿನ ಸಾವ್ಕಾರರು ನನ್ನ ಮನೆಗೆ ಬಂದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದವರ ಮುಖ.

"ಅಕ್ಕೋರೆ, ನೀವು ಓದಿದವ್ರು. ನಾ ಏನು ಕಡಿಮಿ ಮಾಡಿದ್ನಿ? ಮುಂದಿನ ಸಲ ಏನು ಕೊಡ್ಲಿ ಹೇಳ್ರಿ. ಟೇಪ್ ರೆಕಾರ್ಡರ? ಹೊಲಿಗಿ ಮಶೀನ?"

"ಏನೂ ಕೊಡಬ್ಯಾಡ್ರಿ ಸಾವ್ಕಾರ್ರೆ. ಆ ಮೋಟಾರೊಂದು ಬಿಚ್ಚಿಬಿಡ್ರಿ."

ಅವರು ಬಹಳ ಹೊತ್ತು ಲೆಕ್ಕ ಹಾಕಿದರು. "ಅದು ಭಾಳ ತುಟ್ಟಿ ಆಗ್ತದ್ರಿ," ಎಂದರು.

ಬಿಚ್ಚುವುದು ಅವರ ಕೈಯಲ್ಲಿ ಉಳಿಯಲಿಲ್ಲ. ಮೊದಲ ಸಭೆಯಲ್ಲಿ ಮಾನಮ್ಮ ಅಯ್ಯಪ್ಪ ಸಹಿ ಮಾಡಿದ ಕಾಗದವನ್ನು ಮೇಜಿನ ಮೇಲಿಟ್ಟಳು. ಕೆರಿ ನೀರು ಊರಿಂದ. ಬೇರೆ ಊರಿನ ಸದಸ್ಯರು ಓದಿ, ಒಬ್ಬರ ಮುಖ ಒಬ್ಬರು ನೋಡಿ ಕೈ ಎತ್ತಿದರು. ಯುಗಾದಿಗೆ ಮುಂಚೆ ಮೋಟಾರು ಹೋಯಿತು. ಇಳಿಸುವಾಗ ಕೈ ಜೋಡಿಸಿದವನು ಅಂಬ್ರಪ್ಪ, ಸಾವ್ಕಾರರ ಆಳುಗಳಿಗೆ ಒಬ್ಬ ಕಡಿಮೆ ಬಿದ್ದಿದ್ದನಂತೆ.

ಆ ಬೇಸಿಗೆಯ ಒಂದು ಮಧ್ಯಾಹ್ನ ಕಲ್ಯಾಣಮ್ಮ ಕೆರೆಯ ದಂಡೆಯ ಮೇಲೆ ನನಗೆ ಸಿಕ್ಕಳು. ಮಾನಮ್ಮನ ಎಮ್ಮೆ ಕೊರಳಮಟ್ಟ ನೀರಿನಲ್ಲಿ ಕಣ್ಣು ಮುಚ್ಚಿ ಕೂತಿತ್ತು. ಮಾನಮ್ಮ ಮೇಲೆ ಬಂದು ಸೆರಗಿನಿಂದ ಕಲ್ಲು ಒರೆಸಿ ಅವಳಿಗೆ ಕೂರಲು ಜಾಗ ಮಾಡಿಕೊಟ್ಟು, ಮತ್ತೆ ಎಮ್ಮೆಯ ಹತ್ತಿರ ಇಳಿದುಹೋದಳು.

"ಸೋತಿದ್ದಕ್ಕ ಬ್ಯಾಸರ ಇಲ್ಲೇನವ್ವ?" ಎಂದು ಕೇಳಿದೆ.

ಕಲ್ಯಾಣಮ್ಮ ಅತ್ತಿತ್ತ ನೋಡಿದಳು. "ಅಕ್ಕೋರೆ, ನಾ ತಿಂಗಳಗಟ್ಟಲೆ ಕೂತು ಸಹಿ ಕಲತೀನಿ. ಗೆದ್ದಿದ್ರ ಆ ಅಯ್ಯಪ್ಪ ತೋರಿಸಿದಲ್ಲಿ ಹಾಕಬೇಕಾಗ್ತಿತ್ತು." ದನಿ ತಗ್ಗಿಸಿ, "ಅದಕ್ಕ ನಾನೂ ಕೊಡಕ್ಕ ಹಾಕಿ ಬಂದೀನಿ," ಎಂದು, ಎಮ್ಮೆಯ ಕಡೆ ತಿರುಗಿ ಕೂತಳು.